ಸಿದ್ದಿಗಳ ರಂಗಭೂಮಿ ಮತ್ತು ಚಲನಚಿತ್ರ

ಸಿದ್ದಿಗಳು ಆಫ್ರಿಕಾ ಮೂಲದ ಭಾರತೀಯ ಬುಡಕಟ್ಟು ಜನಾಂಗದವರು. ಕರ್ನಾಟಕದಲ್ಲಿ ಇವರು ಮುಖ್ಯವಾಗಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. 1980ರ ದಶಕದಿಂದ ಈ ಸಮುದಾಯದ ಕಲಾವಿದರು ಕನ್ನಡ ರಂಗಭೂಮಿಯಲ್ಲಿಯೂ, ಅನಂತರ ಚಲನಚಿತ್ರಗಳಲ್ಲಿಯೂ ಗುರುತಿಸಿಕೊಂಡಿದ್ದಾರೆ.

ಹಿನ್ನೆಲೆ

ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಆಗ್ನೇಯ ಆಫ್ರಿಕಾದವರು. ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳು ಅವರನ್ನು ಗುಲಾಮರನ್ನಾಗಿ ಭಾರತದ ಪಶ್ಚಿಮ ಕರಾವಳಿಗೆ ತಂದರು. ಗೋವಾದಿಂದ ತಪ್ಪಿಸಿಕೊಂಡವರು ಹಾಗೂ ಬಿಡುಗಡೆ ಹೊಂದಿದವರು ಪಶ್ಚಿಮ ಘಟ್ಟದ ಕಾಡುಗಳನ್ನು ಸೇರಿದರು. ಇಂದು ಇವರಲ್ಲಿ ಹಿಂದೂ, ಕ್ರೈಸ್ತ ಮತ್ತು ಮುಸ್ಲಿಮ್ ಧರ್ಮಗಳನ್ನು ಅನುಸರಿಸುವವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಶಾಂತಾರಾಮ ಸಿದ್ದಿ ರಾಜ್ಯ ಶಾಸಕಾಂಗವನ್ನು ಪ್ರವೇಶಿಸಿದ ಮೊದಲ ಸಿದ್ದಿ.

ಮನೆತನದ ಪರಂಪರೆ

ಪೂರ್ವಜರ ಭಾಷೆಗಳು ಬಳಕೆಯಿಂದ ಮರೆಯಾಗಿವೆ. ಮನೆಮಾತು ಕೊಂಕಣಿಯ ಒಂದು ಪ್ರಭೇದ. ಕನ್ನಡ, ಉರ್ದು ಮತ್ತು ಮರಾಠಿಗಳೂ ಬಳಕೆಯಲ್ಲಿವೆ. ಹಾಗಾಗಿ ಪರಂಪರೆಯು ಬರವಣಿಗೆಗಿಂತ ಹೆಚ್ಚಾಗಿ ಹಾಡು, ಕುಣಿತ ಮತ್ತು ಕೈಕೆಲಸಗಳ ಮೂಲಕ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದೆ. ಚರ್ಮವಾದ್ಯದೊಡನೆ ನಡೆಯುವ ಡಮಾಮಿ ಕುಣಿತ ಹಾಗೂ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೆಂಗಸರು ಹೊಲಿಯುವ ಕೌದಿ ಇವುಗಳಲ್ಲಿ ಪ್ರಮುಖವಾದವು. ಅಮೆರಿಕದ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ಗುಲ್ಲಾ ಜನರಲ್ಲಿಯೂ ಆಫ್ರಿಕಾದ ನೆನಪು ಹಾಡು ಮತ್ತು ಕರಕುಶಲಗಳಲ್ಲಿ ಉಳಿದಿದೆ. ಆದರೆ ಗುಲ್ಲಾ ಜನರು ತಮ್ಮದೇ ಆದ ಮಿಶ್ರಭಾಷೆಯೊಂದನ್ನು ರೂಪಿಸಿಕೊಂಡರು. ಸಿದ್ದಿಗಳು ನೆರೆಹೊರೆಯ ಭಾಷೆಗಳನ್ನೇ ತಮ್ಮದಾಗಿಸಿಕೊಂಡರು.

ರಂಗಭೂಮಿ

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿರುವ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರಿಗೆ ತೋರಿಸಿತು. 1980ರ ದಶಕದಲ್ಲಿ ಅದರ ಜನಸ್ಪಂದನ ಯೋಜನೆಯು ನಾಟಕ ಮತ್ತು ಚಲನಚಿತ್ರಗಳನ್ನು ರಾಜ್ಯದ ಇತರ ಊರುಗಳಿಗೂ ಕೊಂಡೊಯ್ದಿತು. ಇದೇ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿಗಳೊಂದಿಗೆ ನಾಟಕಗಳನ್ನು ಸಿದ್ಧಪಡಿಸಿದರು.

ಅವುಗಳಲ್ಲಿ ‘ಕಪ್ಪು ಜನ ಕೆಂಪು ನೆರಳು’ ನಾಟಕವು ನೈಜೀರಿಯಾದ ಚಿನುವಾ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯನ್ನು ಆಧರಿಸಿದೆ. ಬಿಳಿಯರ ಆಗಮನದಿಂದ ಇಗ್ಬೊ ಸಮಾಜವು ಒಡೆದುಹೋಗುವುದು ಇದರ ವಸ್ತು. ಇಗ್ಬೊ ಜನರು ಪಶ್ಚಿಮ ಆಫ್ರಿಕಾದವರಾದ್ದರಿಂದ ಇದು ಸಿದ್ದಿಗಳ ಪೂರ್ವಜರ ನೇರ ಇತಿಹಾಸವಲ್ಲ. ಆದರೂ ಸ್ವಂತ ನೆಲ ಮತ್ತು ನಂಬಿಕೆಗಳನ್ನು ಕಳೆದುಕೊಳ್ಳುವ ಕಥೆಯನ್ನು, ಅಂತಹುದೇ ನಷ್ಟ ಅನುಭವಿಸಿದ ಜನರ ವಂಶಸ್ಥರೇ ಕನ್ನಡದಲ್ಲಿ ಅಭಿನಯಿಸಿದ್ದು ಈ ಪ್ರಯೋಗದ ವಿಶೇಷ.

ಚಲನಚಿತ್ರ

ನೀನಾಸಮ್‌ನಲ್ಲಿ ತರಬೇತಿ ಪಡೆದ ಪ್ರಶಾಂತ್ ಸಿದ್ದಿ ‘ಪರಮಾತ್ಮ’ (2011) ಸೇರಿದಂತೆ ಹಲವು ಕನ್ನಡ ಚಿತ್ರಗಳಲ್ಲಿ ನಟಿಸಿದ್ದಾರೆ. ದುನಿಯಾ ವಿಜಯ್ ನಿರ್ದೇಶನದ ‘ಸಲಗ’ (2021) ಚಿತ್ರಕ್ಕಾಗಿ ಚರಣ್ ರಾಜ್ ಸಂಗೀತ ಸಂಯೋಜಿಸಿದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿಗೆ ರಂಗನಟಿ ಗಿರಿಜಾ ಸಿದ್ದಿ ಮತ್ತು ಇತರ ಸಿದ್ದಿ ಕಲಾವಿದರು ಧ್ವನಿ ನೀಡಿದರು. ಈ ಹಾಡಿನ ಜನಪ್ರಿಯತೆಯಿಂದ ಸಿದ್ದಿಗಳ ಗಾಯನಶೈಲಿಯು ರಾಜ್ಯದಾದ್ಯಂತ ಪರಿಚಿತವಾಯಿತು.