ಸಾಕವ್ವನಿಂದ ಪುಟ್ಟಕ್ಕನವರೆಗೆ

ನನ್ನಿವಾಳದಂಥ ಬಯಲುಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುವಾಗ ಗಂಡು ಪಾತ್ರಗಳಿಗೆ ಊರಿನವರೇ ಸಾಕು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವ ರೂಢಿ ನಿಮಗೆ ಹೊಸದಲ್ಲ. ರಾತ್ರಿಯೆಲ್ಲ ಆಕೆಗೆ ಶಿಳ್ಳೆ, ಚಪ್ಪಾಳೆ. ಬೆಳಗಾದರೆ ಆಕೆ ಯಾರೋ, ನಾವು ಯಾರೋ! ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಟಿ ಉಮಾಶ್ರೀ ಅವರ ಕಲಾಜೀವನವನ್ನು ನೋಡೋಣ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಚಿತ್ರರಸಿಕರ ಬಾಯಲ್ಲಿ ಅವರ ಹೆಸರು ನಿಂತದ್ದು 1984ರಲ್ಲಿ ತೆರೆಕಂಡ ಕಾಶೀನಾಥ್ ಅವರ 'ಅನುಭವ' ಚಿತ್ರದಿಂದ. ಚಿತ್ರ ಗೆದ್ದಿತು. ಆದರೆ ಆ ಗೆಲುವೇ ಅವರಿಗೆ ಒಂದು ಬೇಲಿಯೂ ಆಯಿತೆನ್ನಬೇಕು. ಮುಂದೆ ವರ್ಷಗಟ್ಟಲೆ ಗಾಂಧಿನಗರ ಅವರಿಂದ ಬಯಸಿದ್ದು ಎರಡರ್ಥದ ಮಾತು, ಎನ್.ಎಸ್. ರಾವ್ ಅಂಥವರ ಜೋಡಿಯಾಗಿ ನಾಲ್ಕಾರು ನಗೆಯ ದೃಶ್ಯ, ಅಷ್ಟೇ. ಸಂಸಾರವಂದಿಗರು ಚಿತ್ರಮಂದಿರದಲ್ಲಿ ಹೊಟ್ಟೆತುಂಬ ನಕ್ಕು, ಹೊರಗೆ ಬಂದು ಮುಖ ಸಿಂಡರಿಸುತ್ತಿದ್ದ ಪಾತ್ರಗಳು ಅವು. ಮಾತು ಬರೆದವರನ್ನು ಬಿಟ್ಟು, ಆಡಿದ ಹೆಂಗಸನ್ನೇ ಹಳಿಯುವ ಅಭ್ಯಾಸ ನಮ್ಮದು.

ಅತ್ತ ರಂಗಭೂಮಿಯಲ್ಲಿ ಅದೇ ಉಮಾಶ್ರೀ ಬೇರೆಯೇ ಆಗಿದ್ದರು. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿಯವರು, ಅಂದರೆ ಎಲ್ಲರ ಸಿಜಿಕೆ, ರಂಗಕ್ಕೆ ತಂದಾಗ ಮುದುಕಿ ಸಾಕವ್ವನ ಪಾತ್ರ ಅವರ ಪಾಲಿಗೆ ಬಂತು. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುವ ಬಡ ದಲಿತ ಮುದುಕಿ ಆಕೆ. ಕದ್ದು ತಂದ ಕಡಲೇಕಾಯಿಯ ಮೂಟೆಯನ್ನು ಇಡೀ ಸಂಸಾರ ರಾತ್ರೋರಾತ್ರಿ ಕೂತು ತಿಂದು ಮುಗಿಸುವ ಪ್ರಸಂಗ ಆ ಕಥೆಯಲ್ಲಿದೆ. ಶೇಂಗಾ ಬೆಳೆದು, ಎಣ್ಣೆ ತೆಗೆದು ಹೆಸರಾದ ಚಳ್ಳಕೆರೆ ಸೀಮೆಯವರಿಗೆ ಒಂದು ಮೂಟೆ ಕಾಯಿಯ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಹಸಿವು, ಸಿಟ್ಟು, ಮೊಮ್ಮಕ್ಕಳ ಮೇಲಿನ ಅಕ್ಕರೆ ಇವನ್ನೆಲ್ಲ ಒಂದೇ ದನಿಯಲ್ಲಿ ತಂದ ಸಾಕವ್ವನನ್ನು ಕಂಡವರು ಮರೆಯಲಿಲ್ಲ. ಆದರೆ ನಾಟಕ ಕಂಡವರೆಷ್ಟು, ಸಿನಿಮಾ ಕಂಡವರೆಷ್ಟು ಹೇಳಿ?

1995ರ 'ಪುಟ್ನಂಜ'ದಲ್ಲಿ ಆ ಮುದುಕಿ ಬೇರೊಂದು ಬಗೆಯಲ್ಲಿ ಬೆಳ್ಳಿತೆರೆಗೆ ಬಂದಳು. ನಲವತ್ತು ಇನ್ನೂ ತುಂಬದ ಉಮಾಶ್ರೀ ರವಿಚಂದ್ರನ್ ಅವರಿಗೆ ಅಜ್ಜಿಯಾದರು. ಹಳ್ಳಿಹಳ್ಳಿಗಳು ಪುಟ್ಮಲ್ಲಿಯನ್ನು ಮೆಚ್ಚಿಕೊಂಡವು.

ಇನ್ನು 2008ರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಮಾಡಿದ ಈ ಚಿತ್ರದ ಗುಲಾಬಿ, ಕುಂದಾಪುರದ ಕಡೆಯ ಮೀನುಗಾರರ ಕೇರಿಯಲ್ಲಿ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ. ಸಿನಿಮಾ ಎಂದರೆ ಆಕೆಗೆ ಪ್ರಾಣ. ಹೆರಿಗೆ ಮಾಡಿಸಿದ ಮನೆಯಿಂದ ಉಡುಗೊರೆಯಾಗಿ ಬಣ್ಣದ ಟೀವಿ, ಡಿಶ್ ಆಂಟೆನಾ ಬರುತ್ತವೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂಡುತ್ತಾರೆ. ಕೆಲವರು ಒಳಗೆ ಬರಲೊಲ್ಲದೆ ಹೊರಗಿನಿಂದಲೇ ನೋಡುತ್ತಾರೆ. ಪಂಚಾಯಿತಿಯ ಟೀವಿಯ ಮುಂದೆ ಊರೆಲ್ಲ ಕೂಡುತ್ತಿದ್ದ ಕಾಲ ನಿಮಗೂ ನೆನಪಾಗಬಹುದು. ಕಾರ್ಗಿಲ್ ಯುದ್ಧದ ಸುದ್ದಿ ಬಂದಂತೆ ನೆರೆಹೊರೆಯ ಕಣ್ಣು ಬದಲಾಗುತ್ತದೆ, ಗುಲಾಬಿ ಕೊನೆಗೆ ಮನೆಯನ್ನೇ ಬಿಡಬೇಕಾಗುತ್ತದೆ. ಇಲ್ಲಿ ಉಮಾಶ್ರೀ ಅವರಿಗೆ ಮಾತು ಕಡಿಮೆ. ಟೀವಿಯ ಬೆಳಕು ಬಿದ್ದ ಆ ಮುಖದ ಬೆರಗೇ ಅಭಿನಯ. ಈ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. 'ಅನುಭವ'ದಿಂದ ಲೆಕ್ಕ ಹಾಕಿದರೆ ಎರಡು ದಶಕಕ್ಕೂ ಹೆಚ್ಚು!

ರಾಜಕೀಯದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2013ರಲ್ಲಿ ತೇರದಾಳದಿಂದ ಗೆದ್ದು ಶಾಸಕಿಯಾದರು. ಮೊಳಕಾಲ್ಮುರಿನಂತೆ ಅದೂ ಮಗ್ಗದ ಸದ್ದಿನ ಸೀಮೆ. ಸಚಿವೆಯಾಗಿ ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೂ ನೋಡಿಕೊಂಡರು. 2018ರ ಚುನಾವಣೆಯಲ್ಲಿ ಸೋತರು.

ಸೋತವರು ಮನೆಯಲ್ಲಿ ಕೂರಲಿಲ್ಲ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಆರಂಭವಾಯಿತು. ಗಂಡು ಹೆರಲಿಲ್ಲವೆಂದು ಗಂಡ ಕೈಬಿಟ್ಟ ಮೇಲೆ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ ಈ ಪುಟ್ಟಕ್ಕ. ಹಿಂದೆ ಇವರ ಪಾತ್ರಗಳನ್ನು ಕಂಡು ಮುಖ ಸಿಂಡರಿಸಿದ್ದ ಮನೆಗಳಲ್ಲೇ ಸಂಜೆ ಅಡುಗೆಯ ಹೊತ್ತಿಗೆ ಟೀವಿ ಹಾಕಿ, ಪುಟ್ಟಕ್ಕ ಬಂದಳೇ ಎಂದು ಕೇಳತೊಡಗಿದರು.