ಹಕ್ಕಿಗಳಿಗೂ ಒಂದು ಖಾನೇಷುಮಾರಿ

ಮನುಷ್ಯರ ಖಾನೇಷುಮಾರಿ ಹತ್ತು ವರ್ಷಕ್ಕೊಮ್ಮೆ ನಡೆಯುವುದು ವಾಡಿಕೆ. ಹಕ್ಕಿಗಳದ್ದು ಹಾಗಲ್ಲ, ವರ್ಷಕ್ಕೊಮ್ಮೆ ನಡೆಯುತ್ತದೆ. ಜನವರಿಯ ಚಳಿಯಲ್ಲಿ, ಮಂಜು ಕರಗುವ ಮುನ್ನವೇ ಬೆಂಗಳೂರಿನ ಕೆರೆ ಏರಿಗಳ ಮೇಲೆ ದುರ್ಬೀನು, ನೋಟ್‌ಪುಸ್ತಕ ಹಿಡಿದು ನಿಲ್ಲುವವರು ಈ ಗಣತಿದಾರರೇ.

ಇಂಥ ಗಣತಿಯ ಮೂಲ ಅಮೆರಿಕದಲ್ಲಿದೆ. ಅಲ್ಲಿ ಕ್ರಿಸ್‌ಮಸ್ ದಿನ ಎರಡು ತಂಡಗಳಾಗಿ ಬೇಟೆಗೆ ಹೋಗುತ್ತಿದ್ದರು. ಹೆಚ್ಚು ಕೊಂದವರಿಗೆ ಗೆಲುವು. ಕೊಲ್ಲುವ ಬದಲು ಎಣಿಸಬಾರದೇಕೆ ಎಂದು ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ 1900ರಲ್ಲಿ ಕೇಳಿದರು. ಆ ಡಿಸೆಂಬರ್ 25ರಂದು 27 ಮಂದಿ 25 ಕಡೆಗಳಲ್ಲಿ ಹಕ್ಕಿ ಎಣಿಸಿದರು.

ನಮ್ಮಲ್ಲಿ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ್ದರು. ಯಾವ ಹಕ್ಕಿ ಎಲ್ಲಿದೆ ಎಂಬುದು ಅದರಿಂದ ತಿಳಿಯಿತು. ಎಷ್ಟಿವೆ ಎಂದು ವರ್ಷವರ್ಷವೂ ಲೆಕ್ಕ ಹಾಕುವ ಕೆಲಸ ಬಂದದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಡಾ. ಜೋಸೆಫ್ ಜಾರ್ಜ್ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಸಂಘ ಕಟ್ಟಿದರು. 1987ರಲ್ಲಿ ಭಾರತ ಉಪಖಂಡದಲ್ಲಿ ನೀರುಹಕ್ಕಿ ಗಣತಿ ಶುರುವಾದ ಮೇಲೆ ನಗರದ ಹವ್ಯಾಸಿಗಳೂ ಕೆರೆಗಳನ್ನು ಹಂಚಿಕೊಂಡು ಎಣಿಕೆಗಿಳಿದರು.

ಜನವರಿಯೇ ಏಕೆ? ಉತ್ತರದ ಹಿಮಕ್ಕೆ ಹೆದರಿ ಬರುವ ಸೂಜಿಬಾಲದ ಬಾತು ಮೊದಲಾದ ವಲಸೆ ಹಕ್ಕಿಗಳು ಆ ವೇಳೆಗೆ ಇಲ್ಲಿ ನೆಲೆನಿಂತಿರುತ್ತವೆ. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು, ಅದೇ ಅಳತೆಯಲ್ಲಿ ಹಿಂಡನ್ನೆಲ್ಲ ಅಳೆಯಬೇಕು. ಒಂದು ಕೆರೆಯಿಂದೆದ್ದ ಹಿಂಡು ಇನ್ನೊಂದರಲ್ಲೂ ಲೆಕ್ಕಕ್ಕೆ ಸಿಗದಿರಲೆಂದು ಹಲವು ಕೆರೆಗಳಲ್ಲಿ ಒಂದೇ ಹೊತ್ತಿಗೆ ಎಣಿಸುವುದುಂಟು.

ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಗಣತಿ ಶುರುವಾಗುವ ಮೊದಲೇ ಅವು ಅಳಿದವು. ಉಳಿದ ಕೆರೆಗಳಿಗೂ ಅಪಾಯ ತಪ್ಪಿಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯನ್ನು ಬಟ್ಟಲಿನಂತೆ ಆಳವಾಗಿ ತೋಡಿದರೆ ನೀರು ತುಂಬುತ್ತದೆ, ಆದರೆ ಅಂಚಿನ ಕೆಸರಿನಲ್ಲಿ ಮೇಯುವ ಹಕ್ಕಿಗಳಿಗೆ ಜಾಗವಿರುವುದಿಲ್ಲ. ನೋಡುವವರಿಗೆ ಕೆರೆ ಚೆಂದವೇ ಕಾಣುತ್ತದೆ. ಏನು ಕಳೆದುಹೋಯಿತೆಂದು ಹೇಳಬಲ್ಲದ್ದು ಹಳೆಯ ಎಣಿಕೆಯ ಪಟ್ಟಿಯೊಂದೇ.

ಇದು ಬೆಂಗಳೂರಿನವರ ಕೆಲಸವೆಂದು ಸಿದ್ಧಕಟ್ಟೆಯ ನಾವು ಸುಮ್ಮನಿರಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಉಳುವಾಗ ಹಿಂದೆಯೇ ಬರುವ ಕೊಕ್ಕರೆಗಳನ್ನು ಎಣಿಸಿಟ್ಟವರು ಎಷ್ಟು ಮಂದಿ? ಭಾರತವು 2013ರಿಂದ ಪಾಲ್ಗೊಳ್ಳುತ್ತಿರುವ ಫೆಬ್ರವರಿಯ ಹಿತ್ತಲ ಹಕ್ಕಿ ಗಣತಿಗೆ ಹದಿನೈದು ನಿಮಿಷ ಸಾಕು. ಬೇಕಾದ್ದು ಒಂದು ಬಯಲು, ಒಂದು ಪೆನ್ಸಿಲು. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಿ ಎಣಿಸುವ ತಾಳ್ಮೆಯೂ ಬೇಕು.