ಕೆಸರಿನಿಂದೆದ್ದ ರಾಜಧಾನಿ: ಪಣಜಿಯ ನೋಟಗಳ ಹಿಂದಿನ ಚರಿತ್ರೆ

ಗೋವೆಯ ರಾಜಧಾನಿ ಪಣಜಿಗೆ ಬರುವವರು ತಪ್ಪದೆ ನೋಡಿಹೋಗುವ ಹಳೆಯ ಸಚಿವಾಲಯ, ಗುಡ್ಡದ ಮೇಲಿನ ಬಿಳಿಯ ಇಗರ್ಜಿ, ಫೊಂಟೈನ್ಯಾಸ್ ಕೇರಿಯ ಬಣ್ಣದ ಮನೆಗಳು ಇವುಗಳಲ್ಲಿ ಯಾವುದೂ ನೋಟಕ್ಕೆಂದು ಹುಟ್ಟಿದ್ದಲ್ಲ. ಹಡಗಿನ ದಾರಿಯನ್ನು ಕಾಯುವುದು, ಕೆಸರನ್ನು ದಾಟುವುದು, ರೋಗಕ್ಕೆ ಬೆದರಿ ಊರು ಬಿಟ್ಟ ಸರ್ಕಾರಕ್ಕೆ ನೆಲೆ ಒದಗಿಸುವುದು ಮುಂತಾದ ಅಗತ್ಯಗಳು ಒಂದೊಂದಾಗಿ ಒದಗಿ ಕಟ್ಟಿಸಿದ ಈ ಊರು ಪ್ರವಾಸಿ ತಾಣವಾದದ್ದು ಆ ಅಗತ್ಯಗಳಲ್ಲಿ ಹೆಚ್ಚಿನವು ತೀರಿದ ಮೇಲೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡುಗಳಲ್ಲಿ ಮಹದಾಯಿಯೆಂದು ಹುಟ್ಟುವ ನದಿ ಗೋವೆಯಲ್ಲಿ ಮಾಂಡವಿಯೆನಿಸಿ ಪಣಜಿಯ ಬಳಿ ಅಳಿವೆಯಾಗಿ ಹಿಗ್ಗುತ್ತದೆ. ನದಿಯ ಮೇಲ್ಭಾಗದಲ್ಲಿ ಈಗ ಹಳೆಗೋವೆ ಎನ್ನಿಸಿಕೊಳ್ಳುವ ನಗರವನ್ನು ಆಳುತ್ತಿದ್ದವರಿಗೆ ಅಳಿವೆಯ ಬಾಯಿ ಕೈತಪ್ಪಿದರೆ ನಗರವೇ ಕೈತಪ್ಪಿದಂತೆ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನ ಯೂಸುಫ್ ಸುಮಾರು 1500ರಲ್ಲಿ ನದಿಯಂಚಿನಲ್ಲಿ ಕಟ್ಟಿಸಿದ ಕೋಟೆಯರಮನೆಗೆ, ಎಂದರೆ ಈಗಿನ ಹಳೆಯ ಸಚಿವಾಲಯಕ್ಕೆ, ಇದೇ ಕಾರಣ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಫೋನ್ಸೊ ದ ಅಲ್ಬುಕರ್ಕ್ ಗೋವೆಯ ಮೇಲೆ ಏರಿಬಂದಾಗ ಮೊದಲು ಹಿಡಿದದ್ದೂ ಪಣಜಿಯ ಈ ಕೋಟೆಯನ್ನೇ. ಹೊನ್ನಾವರದ ಕಡೆಯ ನೌಕಾನಾಯಕ, ಪೋರ್ಚುಗೀಸ್ ಬರಹಗಳಲ್ಲಿ ತಿಮೋಜಾ ಎಂದು ಕಾಣಿಸಿಕೊಳ್ಳುವ ತಿಮ್ಮೋಜನ ಪ್ರೇರಣೆ ಮತ್ತು ನೆರವು ಇಲ್ಲದಿದ್ದರೆ ಆ ದಾಳಿ ಆ ಹೊತ್ತಿಗೆ ನಡೆಯುತ್ತಿತ್ತೆನ್ನುವುದು ಕಷ್ಟ. ಅದೇ ವರ್ಷ ಕೋಟೆಯನ್ನೂ ನಗರವನ್ನೂ ಕಳೆದುಕೊಂಡ ಪೋರ್ಚುಗೀಸರು ನವೆಂಬರ್‌ನಲ್ಲಿ ಮರಳಿ ಗೆದ್ದು ಅಲ್ಲಿಯೇ ನಿಂತರು.

ಆದರೂ ಮುಂದಿನ ಸುಮಾರು ಎರಡೂವರೆ ಶತಮಾನಗಳ ಕಾಲ ಪಣಜಿ ರಾಜಧಾನಿಯ ಹೆಬ್ಬಾಗಿಲಷ್ಟೇ ಆಗಿತ್ತು. ಲಿಸ್ಬನ್ನಿನಿಂದ ಬಂದ ವೈಸರಾಯರು, ಎಂದರೆ ಪೋರ್ಚುಗೀಸ್ ದೊರೆಯ ಪ್ರತಿನಿಧಿಗಳಾಗಿ ಪೂರ್ವದ ವಸಾಹತುಗಳನ್ನು ಆಳುವವರು, ಆದಿಲ್‌ಶಾಹನ ಅರಮನೆಯಲ್ಲಿ ತಂಗಿ ಬಳಿಕ ವಿಧ್ಯುಕ್ತವಾಗಿ ನಗರ ಪ್ರವೇಶಿಸುತ್ತಿದ್ದರು. ತಿಂಗಳುಗಟ್ಟಲೆ ಕಡಲಿನಲ್ಲಿದ್ದ ನಾವಿಕರು, 1541ರಲ್ಲಿ ಸಣ್ಣ ಪ್ರಾರ್ಥನಾಲಯವಾಗಿ ಹುಟ್ಟಿ 17ನೆಯ ಶತಮಾನದ ಆರಂಭದಲ್ಲಿ ದೊಡ್ಡದಾದ ಗುಡ್ಡದ ಮೇಲಿನ ಇಗರ್ಜಿಯಲ್ಲಿ ಜೀವ ಉಳಿದುದಕ್ಕೆ ದೇವಮಾತೆಗೆ ವಂದಿಸಿ ಮುಂದೆ ಸಾಗುತ್ತಿದ್ದರು.

ನೆಲದ ಮೇಲಿನಿಂದ ಪಣಜಿಯನ್ನು ತಲುಪುವುದು ಸುಲಭವಿರಲಿಲ್ಲ. ಊರಿಗೂ ಪೂರ್ವದ ರಿಬಂದರ್‌ಗೂ ನಡುವೆ ಇದ್ದದ್ದು ಖಾಜನ್ ನೆಲ: ಉಪ್ಪುನೀರು ನುಗ್ಗುವ ತಗ್ಗನ್ನು ಮಣ್ಣಿನ ಒಡ್ಡಿನಿಂದ ಸುತ್ತುಗಟ್ಟಿ, ಉಬ್ಬರವಿಳಿತಗಳನ್ನು ತೂಬಿನ ಬಾಗಿಲುಗಳಿಂದ ಹದ್ದಿನಲ್ಲಿಟ್ಟು, ಭತ್ತವನ್ನೂ ಮೀನನ್ನೂ ಉಪ್ಪನ್ನೂ ಪಡೆಯುವ ಪದ್ಧತಿಯ ನೆಲ. ಕುಮಟಾ ಸುತ್ತಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ವೈಸರಾಯ್ ಲಿನ್ಯಾರಿಸ್ ಕೌಂಟ್ ಮಿಗೆಲ್ ದ ನೊರೊನ್ಯನ ಆಳ್ವಿಕೆಯಲ್ಲಿ, 1633–34ರ ಸುಮಾರಿಗೆ, ಈ ಕೆಸರಿನ ಮೇಲೆ ಚಿರೆಕಲ್ಲಿನ ಕಮಾನುಗಳನ್ನು ಸಾಲಾಗಿ ನಿಲ್ಲಿಸಿ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆದಾರಿಯೊಂದನ್ನು ಕಟ್ಟಲಾಯಿತು. ಅದರ ಮೇಲೆ ಇಂದಿಗೂ ವಾಹನಗಳು ಓಡಾಡುತ್ತವೆ. ಪಣಜಿಯ ಎಲ್ಲ ಸ್ಮಾರಕಗಳಲ್ಲಿ ಹೆಚ್ಚು ಶ್ರಮ ಬೇಡಿದ್ದು ಪ್ರಾಯಶಃ ಇದೇ ಆಗಿದ್ದರೂ, ನಿಂತು ನೋಡುವವರು ಇದಕ್ಕೆ ವಿರಳ.

ಹಳೆಗೋವೆಯನ್ನು ಬರಿದು ಮಾಡಿದ್ದು ಶತ್ರುಗಳಿಗಿಂತ ಹೆಚ್ಚಾಗಿ ರೋಗ. ಮತ್ತೆ ಮತ್ತೆ ಬಂದೆರಗಿದ ಸಾಂಕ್ರಾಮಿಕಗಳು ಜನರನ್ನು ಓಡಿಸಿದುವು, ನದಿ ಹೂಳು ತುಂಬಿತು, ಡಚ್ಚರ ಪೈಪೋಟಿಯಿಂದ ವ್ಯಾಪಾರವೂ ಕುಂದಿತು. ವೈಸರಾಯರು ಮೊದಲು ಸಮೀಪದ ಪನೆಲಿಮ್‌ಗೂ, 1759ರಲ್ಲಿ ಪಣಜಿಯ ಹಳೆಯ ಅರಮನೆಗೂ ವಾಸ ಬದಲಿಸಿದರು. ಅಧಿಕಾರಿಗಳು ಬಂದರೇ ಹೊರತು ನಗರ ಕೂಡಲೇ ಬರಲಿಲ್ಲ, ಏಕೆಂದರೆ ಕಟ್ಟಲು ಗಟ್ಟಿ ನೆಲವಿರಲಿಲ್ಲ. 1826ರಿಂದ 1835ರ ವರೆಗೆ ಆಳಿದ ಮನುಯೆಲ್ ದ ಪೋರ್ಚುಗಲ್ ಇ ಕಾಸ್ತ್ರೊ ಮರಳುದಿಬ್ಬಗಳನ್ನು ಸಮಗೊಳಿಸಿ, ಜೌಗು ಬತ್ತಿಸಿ, ನೇರ ಬೀದಿಗಳನ್ನು ಎಳೆಸಿದ ಮೇಲೆಯೇ ಪಣಜಿಗೆ ನಗರದ ಆಕಾರ ಬಂತು. 1843ರ ರಾಜಾಜ್ಞೆ ಅದನ್ನು ‘ನೋವಾ ಗೋವಾ’, ಎಂದರೆ ಹೊಸ ಗೋವೆ, ಎಂಬ ಹೆಸರಿನಲ್ಲಿ ಅಧಿಕೃತ ರಾಜಧಾನಿಯಾಗಿಸಿತು. ಇಷ್ಟರಲ್ಲಿ 1835ರಲ್ಲಿ ಧಾರ್ಮಿಕ ಸಂಘಗಳು ರದ್ದಾಗಿ ಹಳೆಗೋವೆಯ ಮಠಗಳು ಬರಿದಾಗಿದ್ದವು. ಅಗಸ್ಟೀನಿಯನ್ ಮಠದ ದೊಡ್ಡ ಗಂಟೆ 1871ರಲ್ಲಿ ಪಣಜಿಯ ಇಗರ್ಜಿಯ ಗೋಪುರವೇರಿತು. ಹೊಸ ರಾಜಧಾನಿ ಹಳೆಯದರ ಅವಶೇಷಗಳಿಂದ ತನ್ನನ್ನು ಸಜ್ಜುಗೊಳಿಸಿಕೊಂಡದ್ದಕ್ಕೆ ಇದೊಂದು ಉದಾಹರಣೆ ಮಾತ್ರ.

ಗುಡ್ಡಕ್ಕೂ ಹಳ್ಳಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಬೆಳೆದ ಫೊಂಟೈನ್ಯಾಸ್ ಕೇರಿಗೆ ಹೆಸರು ಕೊಟ್ಟದ್ದು ಗುಡ್ಡದ ಬುಡದ ಒರತೆ. ಮಳೆಗಾಲ ಮುಗಿದ ಮೇಲೆ ಮನೆಗಳಿಗೆ ಬಣ್ಣ ಹೊಡೆಯಿಸಬೇಕು, ಬಿಳಿಯನ್ನು ಇಗರ್ಜಿಗಳಿಗೆ ಬಿಡಬೇಕು ಎಂಬ ಪೋರ್ಚುಗೀಸರ ಕಾಲದ ಕಟ್ಟುಪಾಡೇ ಇಲ್ಲಿನ ಹಳದಿ, ನೀಲಿ, ಕಾವಿ ಗೋಡೆಗಳ ಮೂಲ. ಛಾಯಾಚಿತ್ರಕಾರರು ಮೆಚ್ಚುವ ಈ ಚೆಲುವಿನ ಹಿಂದೆ, ಉಷ್ಣವಲಯದ ಮಳೆಯಲ್ಲಿ ಸುಣ್ಣದ ಗಾರೆ ಪಾಚಿಗಟ್ಟಿ ಹಾಳಾಗುತ್ತದೆಂಬ ಸರಳ ಸತ್ಯವೂ ಇದೆ.

ಪ್ರತಿಮೆಗಳ ಕಥೆ ಬೇರೆ, ಅವು ನೋಡುವುದಕ್ಕೆಂದೇ ನಿಂತವು. ಅರಮನೆಯ ಪಕ್ಕದಲ್ಲಿ 1945ರಲ್ಲಿ ಸ್ಥಾಪನೆಯಾದ ಪ್ರತಿಮೆ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಸಂಮೋಹನವಿದ್ಯೆಯಿಂದ ಹೆಸರಾದ ಪಾದ್ರಿ ಅಬ್ಬೆ ಫಾರಿಯನದು. ಮಲಗಿರುವ ಹೆಣ್ಣಿನ ಮೇಲೆ ಕೈಚಾಚಿ ಬಾಗಿದ ಅದರ ಭಂಗಿಗೆ ಭಾರತದ ನಗರಶಿಲ್ಪಗಳಲ್ಲಿ ಜೋಡಿ ಸಿಗುವುದು ದುರ್ಲಭ. ಆಳಿದವರ ಪ್ರತಿಮೆಗಳಿಗೆ ಅಷ್ಟು ಆಯುಷ್ಯ ದೊರೆಯಲಿಲ್ಲ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಡಳಿತ ಕೊನೆಗೊಂಡ ಬಳಿಕ ಅಲ್ಬುಕರ್ಕನ ಹೆಸರಿನ ಚೌಕ ಆಜಾದ್ ಮೈದಾನವಾಯಿತು, ಅವನ ಪ್ರತಿಮೆ ಹಳೆಗೋವೆಯ ವಸ್ತುಸಂಗ್ರಹಾಲಯ ಸೇರಿತು, ಮೈದಾನದ ಮಂಟಪ ರಾಷ್ಟ್ರವಾದಿ ಹೋರಾಟಗಾರ ತ್ರಿಸ್ತಾಂವ್ ಬ್ರಗಾಂಸಾ ಕುನ್ಯರ ಸ್ಮಾರಕವಾಯಿತು. ಅದರ ಎದುರಿನ ಸಂಸ್ಥೆ ವಾಸ್ಕೊ ಡ ಗಾಮನ ಹೆಸರನ್ನು ಬಿಟ್ಟು ಗೋವೆಯ ಪತ್ರಕರ್ತ ಮೆನೆಜಿಸ್ ಬ್ರಗಾಂಸಾರ ಹೆಸರನ್ನು ತಳೆದರೂ, ಗಾಮನ ಸಮುದ್ರಯಾನವನ್ನು ವಸ್ತುವಾಗಿಸಿಕೊಂಡ ಪೋರ್ಚುಗೀಸ್ ಕವಿ ಕಮೊಇಂಶ್‌ನ ಮಹಾಕಾವ್ಯದ ದೃಶ್ಯಗಳುಳ್ಳ ನೀಲಿ-ಬಿಳಿ ಹೊಳಪಿನ ಟೈಲುಗಳು ಪ್ರವೇಶಾಂಗಣದಲ್ಲಿ ಹಾಗೆಯೇ ಉಳಿದುಕೊಂಡಿವೆ.

ಸರ್ಕಾರಿ ಕಟ್ಟಡಗಳು ಕೆಲಸ ಕಳೆದುಕೊಂಡು ನೋಟಗಳಾದದ್ದು ಇತ್ತೀಚಿನ ಅಧ್ಯಾಯ. 1918ರಲ್ಲಿ ಗವರ್ನರರ ನಿವಾಸ ಕಾಬೊ ಭೂಶಿರಕ್ಕೆ ಹೋದ ಮೇಲೂ ಆದಿಲ್‌ಶಾಹನ ಅರಮನೆ ಕಚೇರಿಯಾಗಿಯೂ ವಿಧಾನಸಭೆಯಾಗಿಯೂ ಬಾಳಿತು. 2000ದಲ್ಲಿ ವಿಧಾನಸಭೆ ಮಾಂಡವಿಯಾಚೆಯ ಪರ್ವರಿಗೆ ಸ್ಥಳಾಂತರಗೊಂಡಿತು. 1842ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯ ಪರಂಪರೆಯನ್ನು ಹೊತ್ತ ಕಾಲೇಜು ಬಾಂಬೋಳಿಗೆ ಹೋಯಿತು. ಅದು ತೆರವು ಮಾಡಿದ ನದಿಯಂಚಿನ ಹಳೆಯ ಕಟ್ಟಡವನ್ನು, ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2004ರಲ್ಲಿ ಪಣಜಿಗೆ ಬಂದಾಗ ದುರಸ್ತಿ ಮಾಡಿ ಉತ್ಸವಕ್ಕೆ ಒಪ್ಪಿಸಲಾಯಿತು.